ಲೇಡಿ ಲಿಟ್ಟನ್, ಜೇನ್ ವಾರ್ಟನ್: ಏಕಪಾತ್ರಾಭಿನಯ ಕಟ್ಟುವವರಿಗೆ

ಹೈಸ್ಕೂಲಿನ ಹುಡುಗಿಯರಿಗೆ ಏಕಪಾತ್ರಾಭಿನಯ ಎಂದರೆ ನಮ್ಮ ಕಾಸರಗೋಡಿನ ಕಡೆ ದ್ರೌಪದಿ, ಅಂಬೆ, ಅಬ್ಬಕ್ಕ, ಹೆಚ್ಚೆಂದರೆ ಕಿತ್ತೂರು ಚೆನ್ನಮ್ಮ. ನಾಲ್ಕೂ ಒಳ್ಳೆಯ ಪಾತ್ರಗಳೇ. ಆದರೆ ಒಂದೇ ವೇದಿಕೆಗೆ ಮೂರು ಮಂದಿ ಅಂಬೆಯರು ಸಾಲಾಗಿ ಬಂದು ಭೀಷ್ಮನಿಗೆ ಶಾಪ ಹಾಕಿ ಹೋದರೆ ಎದುರು ಕೂತವರಿಗೆ ಭೀಷ್ಮನ ಮೇಲೆಯೇ ಕನಿಕರ ಹುಟ್ಟುತ್ತದೆ. ಬದಿಯಡ್ಕದ ಹತ್ತಿರ ಕನ್ನಡ ಟೀಚರಾಗಿದ್ದು ಈಗ ನಿವೃತ್ತಿಯಾದರೂ ರಜೆಯಲ್ಲಿ ಹುಡುಗಿಯರು ನಮ್ಮ ಜಗಲಿಗೆ ಬರುವುದು ನಿಂತಿಲ್ಲ. ಅವರಿಗೆ ಈಚೆಗೆ ನಾನು ಕೊಡುವುದು ಒಬ್ಬ ಇಂಗ್ಲಿಷ್ ಹೆಂಗಸಿನ ಕಥೆ. ಹೆಸರು ಲೇಡಿ ಕಾನ್‌ಸ್ಟನ್ಸ್ ಲಿಟ್ಟನ್. ಅದನ್ನು ಕಟ್ಟುವ ಕ್ರಮ ಹೇಳಿ ಎಂದು ಕೆಲವು ಟೀಚರುಗಳು ಕೇಳಿದ್ದಕ್ಕೆ ಇಷ್ಟು ಬರೆದಿದ್ದೇನೆ.

ಮೊದಲು ಕಥೆ ಪೂರ್ತಿ ಗೊತ್ತಿರಲಿ

ಕಾನ್‌ಸ್ಟನ್ಸ್ ಹುಟ್ಟಿದ್ದು 1869ರಲ್ಲಿ, ವಿಯೆನ್ನಾದಲ್ಲಿ. ಅಪ್ಪ ರಾಬರ್ಟ್ ಲಿಟ್ಟನ್ 1876ರಿಂದ 1880ರ ತನಕ ಭಾರತದ ವೈಸರಾಯ್. ಹಾಗಾಗಿ ಹುಡುಗಿಯ ಬಾಲ್ಯದ ಕೆಲವು ವರ್ಷ ನಮ್ಮ ದೇಶದಲ್ಲಿಯೇ ಕಳೆಯಿತು. ಆಮೇಲೆ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನ ನೆಬ್‌ವರ್ತ್ ಎಂಬ ಅರಮನೆಯಂಥ ಮನೆ. ತಾಯಿ ರಾಣಿ ವಿಕ್ಟೋರಿಯಾಳ ಆಸ್ಥಾನದಲ್ಲಿದ್ದವಳು. ಅಕ್ಕ ಬೆಟ್ಟಿಯನ್ನು ಕೊಟ್ಟದ್ದು ಮುಂದೆ ಪ್ರಧಾನಿಯಾದ ಆರ್ಥರ್ ಬಾಲ್ಫೋರನ ತಮ್ಮನಿಗೆ. ತಂಗಿ ಎಮಿಲಿಯ ಗಂಡ ಎಡ್ವಿನ್ ಲಟ್ಯನ್ಸ್, ಮುಂದೆ ಹೊಸದಿಲ್ಲಿಯ ನಕ್ಷೆ ಬರೆದವನು. ಕಾನ್‌ಸ್ಟನ್ಸಿಗೆ ಮದುವೆಯಾಗಲಿಲ್ಲ. ಹೃದಯದ ಕಾಯಿಲೆ, ನಾಚಿಕೆಯ ಸ್ವಭಾವ, ಮಾಂಸ ಬಿಟ್ಟ ಊಟ, ಅಮ್ಮನ ಚಾಕರಿ. ಹೀಗೆಯೇ ವಯಸ್ಸು 39 ಆಯಿತು.

ಅಷ್ಟರಲ್ಲಿ ಅಜ್ಜಿ ವರಸೆಯ ಒಬ್ಬಾಕೆ ಬಿಟ್ಟುಹೋದ 1000 ಪೌಂಡ್ ಕೈಗೆ ಬಂದಿತ್ತು. ಅದನ್ನು ಅವಳು ಹಳ್ಳಿಯ ಹಾಡು, ಕುಣಿತಗಳನ್ನು ಮತ್ತೆ ಕಲಿಸುವ ಕೆಲಸಕ್ಕೆ ಕೊಟ್ಟಳು. ಲಂಡನ್ನಿನಲ್ಲಿ ಹೊಲಿಗೆ ಮಾಡಿ ಹೊಟ್ಟೆ ಹೊರೆಯುವ ಹುಡುಗಿಯರ ಎಸ್ಪರೆನ್ಸ್ ಕ್ಲಬ್ಬಿನ ನಂಟು ಬಂದದ್ದು ಹಾಗೆ. ಆ ನಂಟಿನಿಂದಲೇ 1908ರಲ್ಲಿ ಲಿಟಲ್‌ಹ್ಯಾಂಪ್ಟನ್ ಎಂಬ ಕಡಲ ಬದಿಯ ಊರಿನಲ್ಲಿ ಎಮೆಲೀನ್ ಪೆಥಿಕ್ ಲಾರೆನ್ಸ್ ಮತ್ತು ಹತ್ತಿ ಗಿರಣಿಯಲ್ಲಿ ದುಡಿದು ಬೆಳೆದ ಆ್ಯನಿ ಕೆನಿ ಸಿಕ್ಕಿದರು. ಇಬ್ಬರೂ ಹೆಂಗಸರ ಓಟಿಗಾಗಿ ಜೈಲು ಕಂಡವರು. ಅದೇ ಊರಿನಲ್ಲಿ ಒಂದು ದಿನ ಕಸಾಯಿಖಾನೆಗೆ ಹೋಗುವ ದಾರಿಯಲ್ಲಿ ತಪ್ಪಿಸಿಕೊಂಡ ಒಂದು ಮುದಿ ಕುರಿಯ ಸುತ್ತ ಜನ ನಿಂತು ನಗುತ್ತ ಕೀಟಲೆ ಮಾಡುವುದನ್ನು ಅವಳು ನೋಡಿದಳು. ಹೆಂಗಸರ ಅವಸ್ಥೆ ಕಣ್ಣಿಗೆ ಕಟ್ಟಿದ್ದು ಆ ಹೊತ್ತಿನಲ್ಲಿ ಎಂದು ಮುಂದೆ ತಾನೇ ಬರೆದಿದ್ದಾಳೆ. ಹೆಂಗಸರ ಓಟಿಗಾಗಿ ಹೋರಾಡುತ್ತಿದ್ದ ಪ್ಯಾಂಕ್‌ಹರ್ಸ್ಟ್ ಅಮ್ಮ ಮಗಳ ಸಂಘಟನೆಗೆ ಅವಳು ಸೇರಿಕೊಂಡದ್ದು ಇದಾದ ಮೇಲೆ.

1909ರ ಫೆಬ್ರವರಿಯಲ್ಲಿ ಪಾರ್ಲಿಮೆಂಟಿಗೆ ಹೊರಟ ನಿಯೋಗದಲ್ಲಿ ಬಂಧನ, ಹಾಲೊವೇ ಜೈಲು. ಅಲ್ಲಿ ಹೃದಯದ ಕಾಯಿಲೆಯ ನೆಪದಲ್ಲಿ ಅವಳನ್ನು ಆಸ್ಪತ್ರೆ ವಾರ್ಡಿನಲ್ಲಿಟ್ಟರು. ಜೊತೆಗೆ ಬಂದವರು ಕೋಣೆಯಲ್ಲಿ, ತಾನೊಬ್ಬಳು ಹಾಸಿಗೆಯಲ್ಲಿ. ಪ್ರತಿಭಟನೆಗೆ ಅವಳು ತನ್ನ ಎದೆಯ ಮೇಲೆ ‘ಹೆಂಗಸರಿಗೆ ಓಟು’ ಎಂದು ಇಂಗ್ಲಿಷಿನಲ್ಲಿ ಕೊರೆಯಲು ಹೊರಟಳು. ಮೊದಲ ಅಕ್ಷರ ‘ವಿ’ ಆಗುವಾಗ ಜೈಲಿನವರಿಗೆ ಗೊತ್ತಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ನ್ಯೂಕ್ಯಾಸಲ್‌ನಲ್ಲಿ ಕಾರಿಗೆ ಕಲ್ಲೆಸೆದು ಮತ್ತೆ ಜೈಲು, ಈ ಸಲ ಉಪವಾಸ. ಅಷ್ಟರಲ್ಲಿ ಉಪವಾಸ ಕೂತ ಹೆಂಗಸರಿಗೆ ಕೊಳವೆ ಹಾಕಿ ಬಲವಂತದಿಂದ ತಿನ್ನಿಸುವ ಕ್ರಮ ಶುರುವಾಗಿತ್ತು. ಇವಳಿಗೆ ಮಾತ್ರ ಕೊಳವೆ ಹಾಕಲಿಲ್ಲ. ಎದೆ ಪರೀಕ್ಷೆ ಮಾಡಿಸಿದರು, ಹೃದಯ ಸರಿ ಇಲ್ಲ ಎಂದರು, ಕೆಲವೇ ದಿನಗಳಲ್ಲಿ ಬಿಟ್ಟುಬಿಟ್ಟರು. ಅದೇ ಜೈಲಿನಲ್ಲಿ ದೊಡ್ಡ ಮನೆತನದ ಹೆಸರಿಲ್ಲದವರಿಗೆ ಕೊಳವೆ ತಪ್ಪಲಿಲ್ಲ.

ಇದಕ್ಕೆ ಅವಳು ಕೊಟ್ಟ ಉತ್ತರವೇ ನಮ್ಮ ಏಕಪಾತ್ರ. 1910ರ ಜನವರಿಯಲ್ಲಿ ಕೂದಲು ಕತ್ತರಿಸಿ, ಅಗ್ಗದ ಬಟ್ಟೆ ಹಾಕಿ, ಜೇನ್ ವಾರ್ಟನ್ ಎಂಬ ಹೊಲಿಗೆಯವಳಾಗಿ ಲಿವರ್‌ಪೂಲಿಗೆ ಹೋದಳು. ಜೈಲಿನ ಎದುರಿನ ಪ್ರತಿಭಟನೆಯಲ್ಲಿ ಬಂಧನವಾಯಿತು. ವಾಲ್ಟನ್ ಜೈಲಿನಲ್ಲಿ ನಾಲ್ಕು ದಿನ ಉಪವಾಸ. ಆಮೇಲೆ ಒಟ್ಟು 8 ಸಲ ಕೊಳವೆ ಹಾಕಿದರು. ಮೊದಲ ಸಲದ ಮುಂಚೆ ಎದೆ ಮುಟ್ಟಿ ನೋಡಲಿಲ್ಲ, ನಾಡಿ ಹಿಡಿಯಲಿಲ್ಲ. ಇವಳು ಯಾರೆಂದು ಗುಮಾನಿ ಹಬ್ಬಿದ ಮೇಲೆ ತಂಗಿ ಎಮಿಲಿ ಬಂದು ಕರಕೊಂಡು ಹೋದಳು.

ಮುಂದಿನದು ಬೇಗ ಹೇಳಿ ಮುಗಿಸಬಹುದು. ಪತ್ರಿಕೆಗೆ ಪತ್ರ, ಭಾಷಣಗಳು, ಅಣ್ಣನೋ ತಮ್ಮನೋ ಎಂದು ಮಕ್ಕಳು ಕೇಳುವ ವಿಕ್ಟರ್ (ತಮ್ಮ) ಗೃಹ ಇಲಾಖೆಯೊಡನೆ ನಡೆಸಿದ ಜಗಳ. 1911ರಲ್ಲಿ ಪೋಸ್ಟಾಫೀಸಿನ ಕಿಟಕಿ ಒಡೆದು ಇನ್ನೊಮ್ಮೆ ಜೈಲು. 1912ರಲ್ಲಿ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಯಿತು. ಎಡಗೈಯಲ್ಲಿ ಬರೆದ ಜೈಲಿನ ಅನುಭವಗಳ ಪುಸ್ತಕ 1914ರಲ್ಲಿ ಬಂತು. 1923ರಲ್ಲಿ, 54ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಸ್ಟೆತಸ್ಕೋಪು ಎಲ್ಲಿದೆ ನೋಡಿಕೊಳ್ಳಿ

ಮೇಲೆ ಹೇಳಿದ್ದೆಲ್ಲ ತುಂಬಿಸಲು ಹೋದರೆ ಅದು ಜಯಂತಿ ಭಾಷಣವಾದೀತು. ವಿಯೆನ್ನಾ ಬೇಡ, ನೆಬ್‌ವರ್ತ್ ಬೇಡ, 1000 ಪೌಂಡ್ ಬೇಡ, ಕಿಟಕಿ ಒಡೆದದ್ದು ಬೇಡ. ಕುರಿಯ ಕಥೆ ನನಗೆ ಬಹಳ ಇಷ್ಟ. 15 ನಿಮಿಷ ಸಿಗುವ ವಾರ್ಷಿಕೋತ್ಸವಕ್ಕೋ ಗ್ರಂಥಾಲಯದ ಕಾರ್ಯಕ್ರಮಕ್ಕೋ ಅದನ್ನು ಇಟ್ಟುಕೊಳ್ಳಿ. ಸ್ಪರ್ಧೆಯಾದರೆ ಅದೂ ಹೋಗಬೇಕು.

ಉಳಿಯಬೇಕಾದ್ದು ಎರಡು ಪರೀಕ್ಷೆ. ನ್ಯೂಕ್ಯಾಸಲ್‌ನಲ್ಲಿ ಲೇಡಿಯ ಎದೆಯನ್ನು ವೈದ್ಯರು ಜೋಪಾನವಾಗಿ ಕೇಳಿ ಹೃದಯ ಬಹಳ ಕೆಟ್ಟಿದೆ ಎನ್ನುತ್ತಾರೆ. ಲಿವರ್‌ಪೂಲಿನಲ್ಲಿ, ಎಲ್ಲ ಶುರುವಾಗಿ ಆದ ಮೇಲೆ, ಕಿರಿಯ ವೈದ್ಯನೊಬ್ಬ ಬಂದು ಬಟ್ಟೆಯ ಮೇಲಿನಿಂದಲೇ ಒಂದು ಕ್ಷಣ ಸ್ಟೆತಸ್ಕೋಪು ಇಟ್ಟು, ಭರ್ಜರಿ ಹೃದಯ, ಮುಂದುವರಿಸಬಹುದು ಎಂಬ ಅರ್ಥದ ಮಾತಾಡಿ ಹೋಗುತ್ತಾನೆ. ಹೃದಯ ಅದೇ, ಕಾಯಿಲೆ ಅದೇ, ನಡುವೆ ಮೂರೇ ತಿಂಗಳು. ಬದಲಾದದ್ದು ಕೋಟು, ಹೆಸರು. ಹುಡುಗಿಗೆ ಇದೊಂದು ಮನಸ್ಸಿಗೆ ಹೋದರೆ ಉಳಿದ ಅರ್ಧ ಕೆಲಸ ತಾನಾಗಿ ಆಗುತ್ತದೆ. ಜೈಲಿನ ಸಂಕಟ ತೋರಿಸುವ ಏಕಪಾತ್ರಗಳು ಬೇಕಾದಷ್ಟುಂಟು. ಇದು ಸಂಕಟದ ಕಥೆ ಅಲ್ಲ, ತಾಳೆ ನೋಡುವ ಕಥೆ. ಅವಳು ಹೋದದ್ದೇ ತಾಳೆ ನೋಡಲಿಕ್ಕೆ.

ಹಾಗಾಗಿ ಎರಡು ಪರೀಕ್ಷೆಗಳನ್ನೂ ವೇದಿಕೆಯ ಅದೇ ಜಾಗದಲ್ಲಿ, ಅದೇ ಕುರ್ಚಿಯಲ್ಲಿ, ಅದೇ ಕೋನದಲ್ಲಿ ಮಾಡಿಸಿ. ಮೊದಲನೆಯದು ನಿಧಾನ. ವೈದ್ಯ ಬಗ್ಗುತ್ತಾನೆ, ಕ್ಷಮೆ ಕೇಳುತ್ತಾನೆ, ಕೇಳುತ್ತಾನೆ, ಇನ್ನೊಮ್ಮೆ ಕೇಳುತ್ತಾನೆ, ತಲೆ ಅಲ್ಲಾಡಿಸುತ್ತಾನೆ. ಎರಡನೆಯದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಬೇಕು. ಪ್ರೇಕ್ಷಕರಿಗೆ ನೀವೇನೂ ವಿವರಿಸಬೇಕಾಗಿಲ್ಲ.

ನನ್ನ ಪಾಠದಲ್ಲಿ ಮೊದಲ ಸಾಲು ಹೀಗುಂಟು: “ನನ್ನ ಹೆಸರು ಹೇಳಬೇಡಿ. ಹೇಳಿದರೆ ಇವರು ನನ್ನನ್ನು ಬಿಟ್ಟುಬಿಡುತ್ತಾರೆ.” ಇದು ನಾನು ಬರೆದ ಮಾತು, ಅವಳದ್ದಲ್ಲ. ಬೇಕಾದರೆ ಬಳಸಿಕೊಳ್ಳಿ. ಜೈಲಿನಲ್ಲಿರುವವಳು ಬಿಡುಗಡೆಗೆ ಹೆದರುತ್ತಾಳೆ ಎಂದಾಗ ಹಿಂದಿನ ಸಾಲಿನಲ್ಲಿ ಕಡ್ಲೆ ತಿನ್ನುವವರೂ ಕತ್ತೆತ್ತುತ್ತಾರೆ.

ಒಂಬತ್ತನೆಯ ಕ್ಲಾಸಿನ ಒಬ್ಬಳು ಪಾಠ ಓದಿದ ಕೂಡಲೇ ಕೇಳಿದಳು, “ಟೀಚರೇ, ಇವಳು ದೊಡ್ಡ ಮನೆಯವಳಲ್ವಾ? ಸಾಕಾದಾಗ ಹೆಸರು ಹೇಳಿ ಮನೆಗೆ ಹೋಗ್ಬಹುದಿತ್ತಲ್ಲ?” ಹೌದು, ಹೋಗಬಹುದಿತ್ತು. ಬಾಗಿಲಿನ ಕೀಲಿಕೈ ಅವಳ ಬಾಯಿಯಲ್ಲೇ ಇತ್ತು. ಆ ಬಾಯಿಯನ್ನೇ ಅವರು ಕಬ್ಬಿಣ ಹಾಕಿ ತೆರೆಯುವಾಗಲೂ ಅವಳು ಹೆಸರು ಹೇಳಲಿಲ್ಲ. ನಿಮ್ಮ ಹುಡುಗಿ ಈ ಪ್ರಶ್ನೆ ಕೇಳುವ ತನಕ ಅಭ್ಯಾಸ ಶುರುಮಾಡಬೇಡಿ. ಕೇಳದಿದ್ದರೆ ನೀವೇ ಕೇಳಿ, ಎರಡು ದಿನ ಯೋಚಿಸಲಿಕ್ಕೆ ಬಿಡಿ.

ವೇಷ

ಯಕ್ಷಗಾನದ ಊರಿನವರಿಗೆ ವೇಷದ ಬಗ್ಗೆ ಹೊಸದಾಗಿ ಹೇಳುವುದೇನು, ಆದರೂ ಕೇಳಿ. ಕಾನ್‌ಸ್ಟನ್ಸ್ ವೇಷ ಹಾಕುವುದನ್ನು ಪ್ರೇಕ್ಷಕರ ಎದುರೇ ಮಾಡಿಸಬೇಕು. ಚೌಕಿಯಲ್ಲಿ ನಡೆಯುವುದನ್ನು ರಂಗಸ್ಥಳಕ್ಕೆ ತನ್ನಿ.

ಅವಳು ನಿಜವಾಗಿ ತೊಟ್ಟದ್ದು ಉದ್ದನೆಯ ಹಸಿರು ಕೋಟು, ಟ್ವೀಡ್ ಟೋಪಿ, ಮೂಗಿಗೆ ಸಿಕ್ಕಿಸುವ ಕನ್ನಡಕ. ಕೂದಲನ್ನು ಗಿಡ್ಡ ಮಾಡಿ ನಡು ಬೈತಲೆ ತೆಗೆದು ಎರಡೂ ಕಡೆ ಕೆನ್ನೆಗೆ ಅಂಟುವ ಹಾಗೆ ಬಾಚಿಕೊಂಡಳು. ಚಂದವಿಲ್ಲದ ಕೈದಿಗಳಿಗೆ ಜೈಲಿನಲ್ಲಿ ದಯೆ ಕಡಿಮೆ ಸಿಗುತ್ತದೆ ಎಂಬುದನ್ನು ಹಿಂದಿನ ಸಲವೇ ಗಮನಿಸಿದ್ದಳಂತೆ. ಅದಕ್ಕೇ ಬೇಕೆಂದೇ ಕುರೂಪವಾದಳು. ಒಳಬಟ್ಟೆಗಳಲ್ಲಿ ಕಸೂತಿ ಮಾಡಿದ್ದ ತನ್ನ ಹೆಸರಿನ ಅಕ್ಷರಗಳನ್ನೂ ತೆಗೆದಳು.

ಈ ಕೊನೆಯ ಸಂಗತಿ ನಾಟಕದವರಿಗೆ ನಿಧಿ. ನಾನು ಒಳಬಟ್ಟೆಯ ಬದಲಿಗೆ ಒಂದು ಬಿಳಿ ಕರ್ಚೀಪು ಇಡುತ್ತೇನೆ. ಮೂಲೆಯಲ್ಲಿ ಕೆಂಪು ನೂಲಿನಲ್ಲಿ ಎರಡು ಅಕ್ಷರ ಹೊಲಿದಿರಬೇಕು. ಹುಡುಗಿ ಕೂತು, ಸೂಜಿಯ ಮೊನೆಯಿಂದ ಒಂದೊಂದೇ ಎಳೆ ಎತ್ತಿ, ಬಿಡಿಸಿ, ಆ ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ನೂಲು ಬಂದರೂ ಬಟ್ಟೆಯಲ್ಲಿ ಸೂಜಿ ತೂತುಗಳ ಗುರುತು ಉಳಿಯುತ್ತದೆ. ಅದನ್ನು ಉಗುರಿನಿಂದ ಉಜ್ಜಿ ಅಳಿಸಲು ನೋಡಲಿ. ಈ ಕೆಲಸಕ್ಕೆ ಮಾತು ಬೇಡ. ಮುಂಚಿತವಾಗಿ ಸಡಿಲ ಹೊಲಿಗೆ ಹಾಕಿಡಿ, ಇಲ್ಲದಿದ್ದರೆ ಅಲ್ಲೇ ಸಮಯ ಮುಗಿದುಹೋದೀತು.

ಕೂದಲಿಗೆ ಒಂದು ಲೋಟ ನೀರು, ಒಂದು ಬಾಚಣಿಗೆ. ನಮ್ಮ ಹುಡುಗಿಯರದ್ದು ಎಣ್ಣೆ ಹಾಕಿದ ಎರಡು ಜಡೆ. ಅದನ್ನು ಬಿಚ್ಚಿ ಹಿಂದೆ ಸುತ್ತಿ, ಮುಂದಿನದನ್ನು ನೀರು ಹಾಕಿ ಕಿವಿಯ ಕಡೆಗೆ ಒತ್ತಿದರೆ ಮುಖವೇ ಬದಲಾಗುತ್ತದೆ. ಕೋಟಿಗೆ ಮನೆಯಲ್ಲಿ ಯಾರದ್ದಾದರೂ ಬಣ್ಣ ಹೋದ ತುಂಬುತೋಳಿನ ಅಂಗಿ ಸಾಕು, ಎರಡು ಸೈಜು ದೊಡ್ಡದಿರಲಿ. ಲೇಡಿಯ ಗುರುತಿಗೆ ಹೆಗಲಿಗೊಂದು ಬಿಳಿ ಶಾಲು. ಸ್ಪರ್ಧೆಯಾದರೆ ಪರಿಕರಕ್ಕೆ ಅನುಮತಿ ಉಂಟೋ ಇಲ್ಲವೋ ನಿಯಮ ನೋಡಿಕೊಳ್ಳಿ. ಇಲ್ಲದಿದ್ದರೆ ಎಲ್ಲವನ್ನೂ ಬರಿಗೈಯಲ್ಲಿ ಅಭಿನಯಿಸಬೇಕು, ಅದೂ ಚೆನ್ನಾಗಿಯೇ ಆಗುತ್ತದೆ.

ಇಲ್ಲಿ ನಮ್ಮವರಿಗೆಲ್ಲ ವಿರಾಟಪರ್ವ ನೆನಪಾಗುತ್ತದೆ, ಸೈರಂಧ್ರಿಯಾಗಿ ನಿಂತ ದ್ರೌಪದಿ ನೆನಪಾಗುತ್ತಾಳೆ. ನೆನಪಾಗಲಿ. ಆದರೆ ಪಾಠದಲ್ಲಿ ಆ ಮಾತು ಬರೆಯಬೇಡಿ. ಪಾಂಡವರು ವೇಷ ಮರೆಸಿದ್ದು ಸಿಕ್ಕಿಬೀಳಬಾರದೆಂದು. ಇವಳು ವೇಷ ಮರೆಸಿದ್ದು ಸಿಕ್ಕಿಬೀಳಲಿಕ್ಕೆ.

ಮಾತು

ಹೆಚ್ಚಿನವರು ಮಾಡುವ ಕ್ರಮ ಏನೆಂದರೆ ಲೇಡಿಗೆ ಪುಸ್ತಕದ ಕನ್ನಡ, ಜೇನಿಗೆ ಯಾವುದಾದರೊಂದು ಆಡುಮಾತು. ಆಡುಮಾತು ಬಂದ ಕೂಡಲೇ ಸಭೆ ನಗುತ್ತದೆ. ನಗುವನ್ನು ನಂಬಿ ಮೋಸ ಹೋಗಬೇಡಿ. ನಮ್ಮ ಸಭೆಯಲ್ಲಿ ಕೂತ ಮಕ್ಕಳ ಅಮ್ಮಂದಿರು ಬೀಡಿ ಕಟ್ಟುವವರು, ಅಡಿಕೆ ಸುಲಿಯಲು ಹೋಗುವವರು, ಟೈಲರಿಂಗ್ ಮಾಡುವವರು. ಹೊಲಿಗೆಯವಳನ್ನು ನಗೆಪಾಟಲು ಮಾಡಿದರೆ ಜೈಲಿನ ವೈದ್ಯ ಮಾಡಿದ್ದನ್ನೇ ನಾವೂ ಮಾಡಿದ ಹಾಗೆ. ಅದರಲ್ಲೂ ಕಾಸರಗೋಡಿನಲ್ಲಿ ಇಂಥವರ ಮಾತು ಎಂದು ಹಚ್ಚಿಬಿಡಲು ಎಷ್ಟೊಂದು ಬಗೆಯ ಮಾತುಗಳುಂಟು. ಆ ದಾರಿಯೇ ಬೇಡ.

ನಾನು ಮಾಡಿಸುವುದು ಇಷ್ಟೆ. ಇಬ್ಬರಿಗೂ ಒಂದೇ ಕನ್ನಡ. ಲೇಡಿಯ ವಾಕ್ಯ ಉದ್ದ, ಯಾರಾದರೂ ಕೇಳುತ್ತಾರೆ ಎಂಬ ಧೈರ್ಯದ್ದು. ಜೇನಿನದ್ದು ಮೂರು ನಾಲ್ಕು ಪದ, ಕೊನೆಯ ಪದ ಮುಗಿಯುವ ಮೊದಲೇ ಯಾರೋ ಬಾಯಿ ಮುಚ್ಚಿಸುತ್ತಾರೆ. ಲೇಡಿ ವೈದ್ಯನಿಗೆ, “ನನ್ನ ಜೊತೆ ಬಂದವರ ಎದೆಯನ್ನೂ ಹೀಗೆಯೇ ಕೇಳಿ ನೋಡಿದಿರಾ ಡಾಕ್ಟರೇ?” ಎಂದು ಕೇಳಬಲ್ಲಳು. ಜೇನ್, “ಡಾಕ್ಟರೇ, ನನ್ನ...” ಎನ್ನುವಷ್ಟರಲ್ಲಿ ತಲೆ ಹಿಂದಕ್ಕೆ ಹೋಗಿರುತ್ತದೆ.

ವಿದೇಶಿ ಹೆಸರುಗಳನ್ನು ಮೂರಕ್ಕೆ ಇಳಿಸಿ. ಕಾನ್‌ಸ್ಟನ್ಸ್, ಜೇನ್ ವಾರ್ಟನ್, ಜೈಲಿನಲ್ಲಿ ಪಕ್ಕದ ಕೋಣೆಯಲ್ಲಿದ್ದ ಜೊತೆಗಾರ್ತಿ ಎಲ್ಸಿ. ಕಾನ್‌ಸ್ಟನ್ಸ್ ಎನ್ನುವಾಗ ಮಕ್ಕಳ ನಾಲಗೆ ತೊಡರುತ್ತದೆ, ಅದಕ್ಕೆ ಒಮ್ಮೆ ಮಾತ್ರ ಹೇಳಿಸಿ ಆಮೇಲೆ ‘ಲೇಡಿ ಲಿಟ್ಟನ್’ ಎಂದರೆ ಸಾಕು. ಪಂತಪ್ರಧಾನರ, ಮಂತ್ರಿಗಳ ಹೆಸರು ಒಂದೂ ಬೇಡ.

ಕೊಳವೆಯ ದೃಶ್ಯ

ಇಲ್ಲಿ ನಿಧಾನ ಮಾಡಿ. ನಡೆದದ್ದನ್ನು ಮೊದಲು ಹುಡುಗಿಗೆ ಕೂರಿಸಿ ಹೇಳಬೇಕು, ಆದರೆ ಎಲ್ಲವನ್ನೂ ಸಭೆಗೆ ತೋರಿಸಬೇಕಾಗಿಲ್ಲ.

ವಾರ್ಡನ್ ಹೆಂಗಸರು ಕೈಕಾಲು ಹಿಡಿದರು. ಹಲ್ಲು ಬಿಡಿಸಲು ಮರದ ತುಂಡು, ಆಗದಿದ್ದಾಗ ಉಕ್ಕಿನದ್ದು. ಬಾಯಿ ಅಗಲಿಸಿ ಗಂಟಲಿಗೆ ಇಳಿಸಿದ ರಬ್ಬರ್ ಕೊಳವೆ ಸುಮಾರು ನಾಲ್ಕು ಅಡಿ ಉದ್ದದ್ದು. ವಾಂತಿ ಆಯಿತು, ಕೂದಲು, ಗೋಡೆ, ಬಟ್ಟೆ ಎಲ್ಲ ಕಡೆ. ಹೊರಡುವ ಮೊದಲು ವೈದ್ಯ ಅವಳ ಕೆನ್ನೆಗೆ ಒಂದು ಪೆಟ್ಟು ಕೊಟ್ಟ. ನೋವಾಗುವ ಪೆಟ್ಟಲ್ಲ, ತಾತ್ಸಾರದ ಪೆಟ್ಟು. ಬದಲಾಯಿಸಲು ಬಟ್ಟೆ ಕೇಳಿದರೆ ಆಫೀಸು ಮುಚ್ಚಿದೆ, ಇವತ್ತು ಆಗುವುದಿಲ್ಲ ಎಂದರು. ಅದೇ ಒದ್ದೆ ಬಟ್ಟೆಯಲ್ಲಿ ಮಲಗಿದಳು. ಸ್ವಲ್ಪ ಹೊತ್ತಿಗೆ ಪಕ್ಕದ ಕೋಣೆಯಿಂದ ಅದೇ ಸದ್ದು ಕೇಳಿತು. ಅಲ್ಲಿದ್ದದ್ದು ಜೊತೆಗಾರ್ತಿ ಎಲ್ಸಿ ಹೋವಿ. ಎಲ್ಲ ಮುಗಿದು ಸದ್ದಡಗಿದ ಮೇಲೆ ಇವಳು ಗೋಡೆ ತಟ್ಟಿ, ಇದ್ದಬದ್ದ ಸ್ವರದಲ್ಲಿ, ಶರಣಾಗುವುದಿಲ್ಲ ಎಂದು ಕೂಗಿದಳು. ಆ ಕಡೆಯಿಂದ ಎಲ್ಸಿಯ ಸ್ವರದಲ್ಲಿ ಅದೇ ಮಾತು ಬಂತು.

ಅಭಿನಯ ಹೀಗೆ. ಕುರ್ಚಿ ಪ್ರೇಕ್ಷಕರಿಗೆ ನೇರ. ಎರಡೂ ಕೈ ಕುರ್ಚಿಯ ಬೆನ್ನಿನ ಹಿಂದೆ, ಯಾರೋ ಹಿಡಿದ ಹಾಗೆ ಬಿಗಿಯಾಗಿ. ತಲೆ ಹಿಂದಕ್ಕೆ, ಆದರೆ ಕಣ್ಣು ತೆರೆದಿರಬೇಕು. ಕಣ್ಣು ಮುಚ್ಚಿದರೆ ಸಭೆಗೂ ಕಣ್ಣು ಮುಚ್ಚುವ ಅನುಕೂಲ ಸಿಗುತ್ತದೆ. ಓಕರಿಕೆಯ ಸದ್ದು ಮಾಡಿಸಬೇಡಿ. ಮೈಕಿನಲ್ಲಿ ಅದು ಅಸಹ್ಯವಾಗುತ್ತದೆ, ಹುಡುಗಿಯ ಗಂಟಲೂ ಕೆಡುತ್ತದೆ, ಮುಂದಿನ ಮಾತಿಗೆ ಸ್ವರ ಉಳಿಯುವುದಿಲ್ಲ. ಉಸಿರು ಒಳಗೆ ಎಳೆದು ಹಿಡಿಯುವುದು, ಬಿಡುವುದು, ಅಷ್ಟೇ. ಪೈಪು ಗಿಯಿಪು ತರಬೇಡಿ. ಒಂದು ಕಡೆ ತೋಟಕ್ಕೆ ನೀರು ಬಿಡುವ ಪೈಪು ತಂದಿದ್ದರು. ಎದುರು ಕೂತ ಮಕ್ಕಳಿಗೆ ಆಮೇಲೆ ಪೈಪು ಬಿಟ್ಟು ಬೇರೇನೂ ಕಾಣಲಿಲ್ಲ.

ಎಂಟು ಸಲ ಎಂಬುದನ್ನು ತೋರಿಸುವುದು ಹೇಗೆ? ಮೊದಲನೆಯದು ಪೂರ್ತಿ. ಮುಂದಿನದಕ್ಕೆ ಕುರ್ಚಿಯ ಕಾಲನ್ನು ನೆಲಕ್ಕೊಮ್ಮೆ ಕುಟ್ಟಿ “ಎರಡು”, ಮತ್ತೊಮ್ಮೆ ಕುಟ್ಟಿ “ಮೂರು”. ಸ್ಟೆತಸ್ಕೋಪಿನ ಆ ಚಿಟಿಕೆ ಕ್ಷಣವನ್ನು ಈ ಎಣಿಕೆಯ ನಡುವೆಯೇ ತುರುಕಿ, ನಿಲ್ಲಿಸದೆ ಎಣಿಕೆ ಮುಂದುವರಿಯಲಿ. ಅಳು ಬೇಡ. ಅಳುವುದಕ್ಕೆ ಜೇನಿಗೆ ಪುರುಸೊತ್ತಿಲ್ಲ.

ಗೋಡೆ ತಟ್ಟುವಾಗ ಬೆರಳ ಗೆಣ್ಣು ಕುರ್ಚಿಯ ಬೆನ್ನಿಗೆ ತಾಗಬೇಕು, ಮೈಕು ಹತ್ತಿರವಿದ್ದರೆ ಒಳ್ಳೆಯ ಸದ್ದು ಬರುತ್ತದೆ. ಕೂಗಿದ ಮೇಲೆ ಕಾಯಬೇಕು. ಹುಡುಗಿಯರಿಗೆ ಕಾಯುವುದೇ ಕಷ್ಟ, ಮಾತು ಮರೆತುಹೋಯಿತು ಎಂದುಕೊಳ್ಳುತ್ತಾರೋ ಏನೋ ಎಂಬ ಗಾಬರಿ. ಮನಸ್ಸಿನಲ್ಲಿ ಐದು ಎಣಿಸಲು ಹೇಳಿ. ಎಲ್ಸಿಯ ಉತ್ತರವನ್ನು ಅವಳೇ, ಮುಖ ಪಕ್ಕಕ್ಕೆ ತಿರುಗಿಸಿ, ಸಣ್ಣ ಸ್ವರದಲ್ಲಿ ಹೇಳಲಿ.

‘ವಿ’ ಅಕ್ಷರ ಕೊರೆದ ಪ್ರಸಂಗ ಬೇಕೋ ಬೇಡವೋ ಎಂದು ಕೇಳುವವರುಂಟು. ಒಬ್ಬ ಹುಡುಗಿಯ ಅಮ್ಮ ಬಂದು, “ಟೀಚರೇ, ಅದೊಂದು ಬಿಟ್ಟುಬಿಡಿ, ಸಭೆಯಲ್ಲಿ ಎದೆ ಗಿದೆ ಎಲ್ಲ ಯಾಕೆ” ಎಂದರು. ಬಿಟ್ಟೆ. ಇಟ್ಟುಕೊಳ್ಳುವವರು ಸೂಜಿಯನ್ನು ಮೈಯಿಂದ ಒಂದು ಗೇಣು ದೂರ ಗಾಳಿಯಲ್ಲಿ ಹಿಡಿದು ಬರೆಸಿ. ಚಿಕ್ಕ ಮಕ್ಕಳಿರುವ ಸಭೆಯಾದರೆ ಪೂರಾ ಬಿಡುವುದೇ ಸರಿ.

ವೈಸರಾಯನ ಮಗಳು ಎಂಬ ತೊಡಕು

ಲಿಟ್ಟನ್ ಎಂಬ ಹೆಸರು ಕೇಳಿದ ಕೂಡಲೇ ಸಭೆಯಲ್ಲಿ ಒಬ್ಬರಾದರೂ ಸಮಾಜ ವಿಜ್ಞಾನದ ಮಾಷ್ ಎದ್ದು ನಿಲ್ಲುತ್ತಾರೆ. ಅವರು ಹೇಳುವುದು ಸರಿಯೇ. 1876ರಿಂದ 1878ರ ಮಹಾಕ್ಷಾಮದಲ್ಲಿ ಮದ್ರಾಸ್ ಪ್ರಾಂತ್ಯ, ಮೈಸೂರು ಸಂಸ್ಥಾನಗಳಲ್ಲಿ ಲಕ್ಷಗಟ್ಟಲೆ ಜನ ಹಸಿದು ಸಾಯುತ್ತಿದ್ದಾಗ 1877ರ ಜನವರಿ 1ರಂದು ದಿಲ್ಲಿಯಲ್ಲಿ ವಿಕ್ಟೋರಿಯಾಳನ್ನು ಚಕ್ರವರ್ತಿನಿ ಎಂದು ಸಾರುವ ದರ್ಬಾರು ನಡೆಸಿದವನು ಇವಳ ಅಪ್ಪ. 1878ರಲ್ಲಿ ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟುವ ಕಾಯಿದೆ ತಂದವನೂ ಅವನೇ. ಕ್ಷಾಮದಲ್ಲಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ನಮ್ಮ ಬಳ್ಳಾರಿಯೂ ಒಂದು.

ಇದನ್ನು ಮುಚ್ಚಿಡಬೇಡಿ. ಲೇಡಿಯ ಬಾಯಿಯಲ್ಲೇ ಒಂದು ವಾಕ್ಯ ಹೇಳಿಸಿ: “ನನ್ನಪ್ಪ ಹಿಂದೂಸ್ಥಾನದ ವೈಸರಾಯ್, ಅವನ ಕಾಲದಲ್ಲಿ ಅಲ್ಲಿ ಜನ ಅನ್ನವಿಲ್ಲದೆ ಸತ್ತರು.” ಅಷ್ಟಕ್ಕೇ ನಿಲ್ಲಿಸಿ. ಅಪ್ಪನ ಪಾಪಕ್ಕೆ ಮಗಳು ಉಪವಾಸ ಮಾಡಿ ಪ್ರಾಯಶ್ಚಿತ್ತ ಮಾಡಿದಳು ಎಂದು ಹೆಣೆಯಲು ಬಹಳ ಮಂದಿಗೆ ಕೈ ತುರಿಸುತ್ತದೆ. ಅವಳು ಉಪವಾಸ ಕೂತದ್ದು ಅದಕ್ಕಲ್ಲ. ಇಂಗ್ಲಿಷ್ ಹೆಂಗಸರ ಓಟಿಗೆ ಕೂತಳು, ಬಡ ಕೈದಿಗೂ ಲೇಡಿಗೂ ಒಂದೇ ನ್ಯಾಯ ಬೇಕೆಂದು ಕೂತಳು. ಅವಳದ್ದಲ್ಲದ ಪುಣ್ಯವನ್ನು ಅವಳ ತಲೆಗೆ ಕಟ್ಟುವುದು ಬೇಡ.

ಕಲ್ಲೆಸೆದದ್ದನ್ನೂ ಮುಚ್ಚಬೇಡಿ. ನ್ಯೂಕ್ಯಾಸಲ್‌ನಲ್ಲಿ ಕಲ್ಲಿಗೆ ಕಾಗದ ಸುತ್ತಿ ಮಂತ್ರಿಯ ಹೆಸರು ಬರೆದು ಎಸೆದವಳು ಅವಳು. ಸತ್ಯಾಗ್ರಹದ ಹಾಗೆ ತೋರಿಸಿ ನುಣ್ಣಗೆ ಮಾಡಿದರೆ ಮಕ್ಕಳಿಗೆ ಆಮೇಲೆ ನಿಜ ಗೊತ್ತಾದಾಗ ಟೀಚರ ಮೇಲೆ ನಂಬಿಕೆ ಹೋಗುತ್ತದೆ.

ಮುಗಿಸುವುದು, ಆಮೇಲಿನ ಪ್ರಶ್ನೆಗಳು

ಕೊನೆಗೆ ಓಟು ಸಿಕ್ಕಿತು ಎಂದು ಕೈ ಎತ್ತಿ ಘೋಷಣೆ ಕೂಗಿಸುವುದು ನನಗೆ ಸರಿ ಕಾಣುವುದಿಲ್ಲ. ನನ್ನ ಪಾಠ ಮುಗಿಯುವುದು ಎಡಗೈಯಲ್ಲಿ. ಬಲಗೈ ತೊಡೆಯ ಮೇಲೆ ಬಿದ್ದಿದೆ. ಎಡಗೈಯಿಂದ ಹುಡುಗಿ ಪುಸ್ತಕದ ಮೊದಲ ಪುಟಕ್ಕೆ ಬರೆದವರ ಹೆಸರು ಬರೆಯುತ್ತಾಳೆ. ಒಂದಲ್ಲ, ಎರಡು: ಕಾನ್‌ಸ್ಟನ್ಸ್ ಲಿಟ್ಟನ್ ಮತ್ತು ಅವಿವಾಹಿತೆ ಜೇನ್ ವಾರ್ಟನ್. ನಿಜವಾದ ಪುಸ್ತಕದಲ್ಲಿಯೂ ಹಾಗೆಯೇ ಉಂಟು. ಗಾಳಿಯಲ್ಲಿ ಕನ್ನಡ ಅಕ್ಷರಗಳನ್ನೇ ಬರೆಸಿ, ಬಲಗೈ ಬಳಸುವ ಹುಡುಗಿಯಾದರೆ ಎಡಗೈಯ ತಡವರಿಕೆ ತಾನಾಗಿಯೇ ಬರುತ್ತದೆ, ಅಭಿನಯಿಸಬೇಕಾಗಿಲ್ಲ.

ಗ್ರಂಥಾಲಯದಂಥ ಕಡೆ ಆಡಿದರೆ ಮುಗಿದ ಮೇಲೆ ಹತ್ತು ನಿಮಿಷ ಪ್ರಶ್ನೆಗೆ ಬಿಡಿ, ಉತ್ತರ ಕೈಯಲ್ಲಿಟ್ಟುಕೊಳ್ಳಿ. ಓಟು ಯಾವಾಗ ಸಿಕ್ಕಿತು ಎಂದು ಕೇಳಿಯೇ ಕೇಳುತ್ತಾರೆ. 1918ರಲ್ಲಿ ಬ್ರಿಟನ್ನಿನಲ್ಲಿ 30 ದಾಟಿದ, ಆಸ್ತಿಯ ಷರತ್ತು ಪೂರೈಸುವ ಹೆಂಗಸರಿಗೆ. ಗಂಡಸರಂತೆ 21ಕ್ಕೇ ಎಲ್ಲ ಹೆಂಗಸರಿಗೂ ಸಿಕ್ಕಿದ್ದು 1928ರಲ್ಲಿ, ಅವಳು ಸತ್ತು ಐದು ವರ್ಷದ ಮೇಲೆ. ಓಟಿಗೆ ಆಸ್ತಿ ಯಾಕೆ ಬೇಕಿತ್ತು ಎಂಬುದನ್ನು ನಮ್ಮ ಹಿರಿಯ ಹೆಂಗಸರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಅಳಿಯಸಂತಾನದ ಮನೆಗಳಲ್ಲಿ ಜಾಗ ಹೆಂಗಸರ ಕಡೆಯಿಂದ ಇಳಿದು ಬಂದ ಊರಿದು, ಆಸ್ತಿಯೂ ಮಾತಿನ ತೂಕವೂ ಒಟ್ಟಿಗೆ ಹೋಗುತ್ತದೆಂದು ಅವರಿಗೆ ಗೊತ್ತು.

ನಮ್ಮಲ್ಲಿ ಯಾವಾಗ ಎಂಬುದು ಎರಡನೆಯ ಪ್ರಶ್ನೆ. ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮದ್ರಾಸಿನ ಶಾಸನ ಸಭೆ ಹೆಂಗಸರಿಗೆ ಓಟು ಕೊಡಲು ಒಪ್ಪಿದ್ದು 1921ರಲ್ಲಿ, ಅಲ್ಲಿಯೂ ಆಸ್ತಿಯ ಷರತ್ತು ಇತ್ತು. 1926ರಲ್ಲಿ ಆ ಸಭೆಗೆ ಮಂಗಳೂರಿನ ಕಡೆಯಿಂದ ಕಮಲಾದೇವಿ ಚಟ್ಟೋಪಾಧ್ಯಾಯರು ನಿಂತು ಸ್ವಲ್ಪದರಲ್ಲಿ ಸೋತರು. ಅವರನ್ನು ನಿಲ್ಲಲು ಹುರಿದುಂಬಿಸಿದ ಮಾರ್ಗರೆಟ್ ಕಸಿನ್ಸ್ ಐರಿಷ್ ಹೆಂಗಸು. ಹೆಂಗಸರ ಓಟಿಗಾಗಿ ಲೇಡಿ ಲಿಟ್ಟನ್ ಇದ್ದ ಅದೇ ಹಾಲೊವೇ ಜೈಲಿನಲ್ಲಿ ಇದ್ದು, ಆಮೇಲೆ 1915ರಲ್ಲಿ ಭಾರತಕ್ಕೆ ಬಂದವರು. ಈ ಕೊಂಡಿಯನ್ನು ನಿರೂಪಕರ ಬಾಯಿಯಲ್ಲಿ ಹೇಳಿಸಿ, ಏಕಪಾತ್ರದ ಒಳಗೆ ತುರುಕಬೇಡಿ.

ಜೈಲಿನವರಿಗೆ ಶಿಕ್ಷೆಯಾಯಿತಾ ಎಂದು ಮಕ್ಕಳು ಕೇಳುತ್ತಾರೆ. ಇಲ್ಲ. ಸರಕಾರ ತಪ್ಪು ಒಪ್ಪಿಕೊಳ್ಳಲೂ ಇಲ್ಲ. ಬಲವಂತದ ಊಟ ಇನ್ನೂ ಕೆಲವು ವರ್ಷ ನಡೆಯಿತು. ಇದನ್ನು ಹೇಳುವಾಗ ಸಭೆಯಲ್ಲಿ ಸ್ವಲ್ಪ ಗುಸುಗುಸು ಆಗುತ್ತದೆ, ಆಗಲಿ ಬಿಡಿ.

ಸ್ಪರ್ಧೆಗೆ ಕಳುಹಿಸುವವರು ಕುರಿ, ವೈಸರಾಯ್, ಎಡಗೈ ಮೂರನ್ನೂ ಬಿಟ್ಟು ಕರ್ಚೀಪು, ಎರಡು ಪರೀಕ್ಷೆ, ಎಣಿಕೆ, ಗೋಡೆ ಇಷ್ಟನ್ನೇ ಇಟ್ಟುಕೊಳ್ಳಿ. ಗಡಿಯಾರ ಹಿಡಿದು ಅಭ್ಯಾಸ ಮಾಡಿಸುವಾಗ ಗೋಡೆ ತಟ್ಟಿದ ಮೇಲಿನ ಆ ಐದು ಎಣಿಕೆಯನ್ನೂ ಸೇರಿಸಿ ಲೆಕ್ಕ ಹಾಕಿ. ಸಮಯ ಸಾಲದಿದ್ದರೆ ಮಾತು ಕಡಿಮೆ ಮಾಡಿ, ಆ ಎಣಿಕೆ ಕಡಿಮೆ ಮಾಡಬೇಡಿ.